ಓದುಗರ ಪ್ರಶ್ನೆ, ನಮ್ಮ ಉತ್ತರ: ಉಸುಕು ಉಜ್ಜುವ ಕಡಲಬಂಡೆಯ ಮೇಲೆ ಬಾಳುವವರು

ಹೋದ ಸಂಚಿಕೆಯಲ್ಲಿ ಕಡಲ ತಳದ ಬಂಡೆಗಳ ಬಗ್ಗೆ ಬರೆಯುತ್ತ, ಹೂಳು ಕವಿದ, ಉಸುಕು ಸದಾ ಉಜ್ಜುವ ಬಂಡೆಗಳ ಮೇಲೂ ಪ್ರಾಣಿಗಳು ಕಿಕ್ಕಿರಿದು ಬಾಳುತ್ತವೆ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆವು. ಆ ಸಾಲನ್ನೇ ಹಿಡಿದು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಕಡಲಿಲ್ಲದ ಊರುಗಳಾದರೂ ಪ್ರಶ್ನೆಗಳು ಬಹಳ ಖಚಿತವಾಗಿವೆ. ಹೂಳು, ಉಸುಕು, ಕಲ್ಲು ಈ ಮೂರರ ಸಹವಾಸ ತುಂಗಭದ್ರೆಯ ದಂಡೆಯವರಿಗೆ ಹೊಸದಲ್ಲವಲ್ಲ. ಹಾಗಾಗಿ ಈ ಬಾರಿಯ ಅಂಕಣ ಪೂರ್ತಿ ಇದಕ್ಕೇ ಮೀಸಲು.

ಪ್ರಶ್ನೆ: ಹೂಳು ಬೇರೆ, ಉಸುಕು ಬೇರೆ ಎನ್ನುವಂತೆ ಬರೆದಿದ್ದೀರಿ. ಬಂಡೆಗೆ ಅಂಟಿ ಬದುಕುವ ಪ್ರಾಣಿಗೆ ಎರಡೂ ಒಂದೇ ತೊಂದರೆ ಅಲ್ಲವೇ? ಅಲ್ಲಿ ಕಡಲಪಾಚಿ ಬೆಳೆಯದೆ ಪ್ರಾಣಿಗಳೇ ಯಾಕೆ ತುಂಬಿಕೊಳ್ಳುತ್ತವೆ?
ವಿಜ್ಞಾನ ಶಿಕ್ಷಕಿ, ಕಂಪ್ಲಿ

ಕೊನೆಯದಕ್ಕೆ ಮೊದಲು ಉತ್ತರಿಸುತ್ತೇವೆ. ಪಾಚಿಗೆ ಬೆಳಕು ಬೇಕು. ನೀರಿನ ಮೇಲ್ಮೈಗೆ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ತಲುಪುವ ಆಳದಲ್ಲಿ ದೊಡ್ಡ ಪಾಚಿಗಳು ನಿಲ್ಲುವುದಿಲ್ಲ. ತಿಳಿನೀರಿನಲ್ಲಿ ಆ ಗೆರೆ ಹತ್ತಾರು ಮೀಟರ್ ಕೆಳಗಿರುತ್ತದೆ. ರಾಡಿ ನೀರಿನಲ್ಲಿ ಅದು ಕೆಲವೇ ಮೀಟರಿಗೆ ಏರಿಬಿಡುತ್ತದೆ. ಅಂದರೆ ಹೂಳು ತಾನಾಗಿಯೇ ಪಾಚಿಯನ್ನು ಹೊರಗಿಟ್ಟು ಬಂಡೆಯನ್ನು ಪ್ರಾಣಿಗಳಿಗೆ ಬಿಟ್ಟುಕೊಡುತ್ತದೆ. ಆ ಪ್ರಾಣಿಗಳಿಗೆ ಬೆಳಕಿನ ಹಂಗಿಲ್ಲ, ನೀರು ಹೊತ್ತು ತರುವ ಸಣ್ಣ ಆಹಾರದ ಕಣ ಸಾಕು.

ಇನ್ನು ಹೂಳು ಮತ್ತು ಉಸುಕು. ಕಣದ ಅಡ್ಡಳತೆ 2 ಮಿ.ಮೀ.ನಿಂದ ಸುಮಾರು 0.06 ಮಿ.ಮೀ.ವರೆಗಿದ್ದರೆ ಅದು ಉಸುಕು. ಅಲ್ಲಿಂದ 0.004 ಮಿ.ಮೀ.ವರೆಗಿನದು ಹೂಳು, ಅದಕ್ಕೂ ನುಣ್ಣಗಿದ್ದರೆ ಜೇಡಿ. ಉಸುಕಿಗೆ ಭಾರ ಹೆಚ್ಚು, ನೀರಿನಲ್ಲಿ ಬಹಳ ಹೊತ್ತು ತೇಲಲಾರದು. ತಳದ ಸೆಳವು ಗಂಟೆಗೆ ಸುಮಾರು ಒಂದು ಕಿಲೋಮೀಟರ್ ವೇಗ ಮುಟ್ಟಿದರೆ ನುಣ್ಣನೆಯ ಉಸುಕು ಉರುಳಲು, ನೆಗೆಯಲು ಶುರುಮಾಡುತ್ತದೆ. ಮನುಷ್ಯನ ನಡಿಗೆಗಿಂತ ಎಷ್ಟೋ ನಿಧಾನದ ವೇಗ ಅದು. ಆದರೆ ಆ ನೆಗೆತವೆಲ್ಲ ತಳಕ್ಕೆ ಹತ್ತಿರದಲ್ಲೇ, ಹೆಚ್ಚಿನ ಪಾಲು ಮೊಳದುದ್ದದೊಳಗೆ. ಆದ್ದರಿಂದ ಉಸುಕಿನ ಏಟು ಬೀಳುವುದು ಬಂಡೆಯ ಕಾಲಬುಡಕ್ಕೆ. ಹೂಳು ಹಾಗಲ್ಲ, ನೀರಿನ ತುಂಬ ಹರಡಿ ನಿಧಾನಕ್ಕೆ ಕೆಳಗಿಳಿದು ಬಂಡೆಯ ಚಪ್ಪಟೆ ನೆತ್ತಿಯ ಮೇಲೆ ಕೂರುತ್ತದೆ.

ಒಂದೇ ಬಂಡೆಯಲ್ಲಿ ಮೂರು ಊರು ಇರುವುದು ಇದರಿಂದಲೇ. ಬುಡದಲ್ಲಿ ಉಜ್ಜಿ ಉಜ್ಜಿ ಬೋಳಾದ ಪಟ್ಟಿ, ನೆತ್ತಿಯ ಮೇಲೆ ಹೂಳಿನ ಹೊದಿಕೆ, ನಡುವೆ ನೆಟ್ಟಗೆ ನಿಂತ ಗೋಡೆ. ಗೋಡೆಗೆ ಹೂಳು ಅಂಟದು, ಬುಡದಿಂದ ಮೇಲಿರುವ ಕಾರಣ ಉಸುಕೂ ತಾಗದು. ಪ್ರಾಣಿಗಳ ವೈವಿಧ್ಯ ಹೆಚ್ಚು ಕಾಣುವುದು ಅಲ್ಲಿಯೇ. ಕಡಲ ತಳದ ಯಾವ ಚಿತ್ರ ಕೈಗೆ ಸಿಕ್ಕರೂ ಮಕ್ಕಳಿಗೆ ಮೊದಲು ಉಸುಕಿನ ಗೆರೆ, ಅಂದರೆ ಉಸುಕು ಬಂಡೆಗೆ ತಾಗುವ ಮಟ್ಟ, ಎಲ್ಲಿದೆ ತೋರಿಸಿ, ಆಮೇಲೆ ಪ್ರಾಣಿಯ ಹೆಸರು ಹೇಳಿ. ಹೆಸರಿಗಿಂತ ಆ ಗೆರೆಯಿಂದ ಪ್ರಾಣಿ ಎಷ್ಟು ಎತ್ತರದಲ್ಲಿದೆ ಎನ್ನುವುದೇ ಹೆಚ್ಚು ಹೇಳುತ್ತದೆ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಉಸುಕು ಎಷ್ಟು ಉಜ್ಜಬಲ್ಲದು ಎಂದು ತೋರಿಸಲು ಕಡಲಿಗೇ ಹೋಗಬೇಕಿಲ್ಲ. ಆನೆಗೊಂದಿಯ ಕಡೆ ನದಿಯ ಕಗ್ಗಲ್ಲಿನಲ್ಲಿ ಒರಳಿನಂಥ ದುಂಡು ಗುಂಡಿಗಳಿವೆಯಲ್ಲ, ಹೊಳೆ ಬಂದಾಗ ಸುಳಿಯೊಳಗೆ ಸಿಕ್ಕ ಉಸುಕು, ಹರಳು ಗಿರಗಿರ ತಿರುಗಿ ಕೊರೆದದ್ದು ಅವು. ಕಗ್ಗಲ್ಲನ್ನೇ ಕೊರೆಯುವ ಉಸುಕು ಮೆತ್ತನೆಯ ಮೈಗೆ ಏನು ಮಾಡಬಹುದು ಎಂದು ಮಕ್ಕಳು ತಾವೇ ಊಹಿಸುತ್ತಾರೆ.

ಪ್ರಶ್ನೆ: ನಮಸ್ಕಾರ್ರಿ. ನಂದು ದಾಳಿಂಬ್ರಿ ತೋಟ, ಡ್ರಿಪ್ ಅದ. ಕೆನಾಲ್ ನೀರು ಬಿಟ್ಟಾಗ ಫಿಲ್ಟರ್ ತೊಳೀಲಿಲ್ಲಂದ್ರ ಎರಡ ದಿನದಾಗ ಕಟ್ಟಿ ಕೂಡತೈತಿ. ಕಡಲಾಗ ಸ್ಪಾಂಜು, ಕಪ್ಪೆಚಿಪ್ಪು ಎಲ್ಲಾ ನೀರು ಸೋಸಿ ತಿಂತಾವ ಅಂತೀರಿ. ಅಷ್ಟು ರಾಡಿಯೊಳಗ ಅವುಕ ಯಾಕ ಕಟ್ಟಂಗಿಲ್ಲ?
ರೈತರು, ಕುಷ್ಟಗಿ ತಾಲ್ಲೂಕು

ಕಟ್ಟುತ್ತದೆ, ಯಜಮಾನರೇ. ಕಟ್ಟಿಕೊಂಡು ಸಾಯುವ ಜಾತಿಗಳು ಇಂಥ ಬಂಡೆಯ ಮೇಲೆ ಇರುವುದೇ ಇಲ್ಲ. ಅಲ್ಲಿ ಉಳಿದಿರುವವು ಫಿಲ್ಟರ್ ತೊಳೆಯುವ ಉಪಾಯ ಬಲ್ಲವು ಮಾತ್ರ.

ನಿಮ್ಮ ಡಿಸ್ಕ್ ಫಿಲ್ಟರ್ 120 ಮೆಶ್‌ನದಾದರೆ 0.13 ಮಿ.ಮೀ.ಗಿಂತ ದೊಡ್ಡ ಕಣವನ್ನು ತಡೆಯುತ್ತದೆ. ಸ್ಪಾಂಜಿನ ಮೈಮೇಲಿನ ತೂತುಗಳು 0.05 ಮಿ.ಮೀ.ಗಿಂತ ಸಣ್ಣವು. ಒಳಗೆ ಹೋದಂತೆ ಕಾಲುವೆಗಳು ಕವಲೊಡೆದು ಕಿರಿದಾಗುತ್ತವೆ. ಕೊನೆಯಲ್ಲಿ ಚಾಟಿಯಂಥ ಕೂದಲು ಬೀಸಿ ನೀರು ಎಳೆಯುವ ಜೀವಕೋಶಗಳ ಕೋಣೆ, ಸ್ಪಾಂಜಿನ ಪಂಪು ಅದೇ. ಆ ಕೋಶಗಳ ಕೊರಳಪಟ್ಟಿಯ ಸಂದು ಬ್ಯಾಕ್ಟೀರಿಯವನ್ನೂ ಹಿಡಿಯುವಷ್ಟು ನವಿರು. ಇಷ್ಟು ಸಣ್ಣ ಜಾಲರಿಗೆ ರಾಡಿ ನೀರು ಬಂದಾಗ ಸ್ಪಾಂಜು ಮಾಡುವ ಮೊದಲ ಕೆಲಸ ನೀವು ಮೋಟಾರ್ ಬಂದ್ ಮಾಡಿದಂತೆ ಪಂಪು ನಿಲ್ಲಿಸುವುದು. ಆದರೆ ಪಂಪು ನಿಂತರೆ ಉಸಿರೂ ಇಲ್ಲ, ಊಟವೂ ಇಲ್ಲ. ಒಂದು ಗಾಳಿಮಳೆಯ ರಾಡಿಯನ್ನು ಹೀಗೆ ದಾಟಬಹುದು, ತಿಂಗಳುಗಟ್ಟಲೆ ಹೀಗಿದ್ದರೆ ಸೊರಗುತ್ತದೆ.

ಎರಡನೆಯ ಉಪಾಯ ನಿಮ್ಮ ಬ್ಯಾಕ್‌ವಾಶ್‌ಗೆ ಬಲು ಹತ್ತಿರ. ಕೆರಿಬಿಯನ್ ಕಡಲಿನ ಅಪ್ಲೈಸಿನಾ ಆರ್ಚೆರಿ ಎಂಬ ಕೊಳವೆ ಸ್ಪಾಂಜು ಸೀನುತ್ತದೆ ಎಂದು 2022ರಲ್ಲಿ ಸಂಶೋಧಕರು ತೋರಿಸಿದರು. ನೀರು ಒಳಗೆ ಬರುವ ತೂತುಗಳಿಂದಲೇ, ಒಳಹರಿವಿಗೆ ಎದುರಾಗಿ, ಕಸ ಸುತ್ತಿದ ಲೋಳೆಯನ್ನು ಅದು ಹೊರಗೆ ತಳ್ಳುತ್ತದೆ. ಒಂದೊಂದು ಸೀನಿಗೂ ಹಲವು ನಿಮಿಷ ಹಿಡಿಯುತ್ತದೆ, ಬರಿಗಣ್ಣಿಗೆ ಸುಮ್ಮನೆ ಕೂತಂತೆಯೇ ಕಾಣುತ್ತದೆ.

ಪಚ್ಚಿಲೆಯಂಥ ಚಿಪ್ಪುಜೀವಿಗಳು ಬೇರೆ ದಾರಿ ಹಿಡಿದಿವೆ. ಕಿವಿರಿನ ಮೇಲೆ ಬಂದದ್ದನ್ನು ತಿನ್ನುವ ಮೊದಲೇ ಆರಿಸಿ, ಬೇಡದ ಹೂಳನ್ನು ಲೋಳೆಯಲ್ಲಿ ಉಂಡೆಕಟ್ಟಿ, ಹೊಟ್ಟೆಗೆ ಬಿಡದೆ ಹೊರಗೆಸೆಯುತ್ತವೆ. ಅಸಿಡಿಯನ್ ಎಂಬ ಚೀಲದಂಥ ಪ್ರಾಣಿ ಮೈ ಹಿಂಡಿ ನೀರನ್ನು ಪಿಚಕಾರಿಯಂತೆ ಚಿಮ್ಮಿಸುತ್ತದೆ, ಅದರ ಜೊತೆ ಕಸವೂ ಹೋಗುತ್ತದೆ.

ಡ್ರಿಪ್ಪಿನಲ್ಲಿ ಎರಡು ಗೇಜುಗಳ ನಡುವೆ ಅರ್ಧ ಕೆ.ಜಿ. ಒತ್ತಡದ ವ್ಯತ್ಯಾಸ ಬಂದರೆ ತೊಳೆಯುತ್ತೀರಿ. ಈ ಪ್ರಾಣಿಗಳದ್ದೂ ಅದೇ ಲೆಕ್ಕ, ಆದರೆ ಒಂದು ದಂಡ ಹೆಚ್ಚಿಗೆ ಇದೆ. ತೊಳೆಯುವುದಕ್ಕೆ ಖರ್ಚಾಗುವ ಲೋಳೆ ಅವುಗಳ ಸ್ವಂತ ಆಹಾರದಿಂದ ಆದದ್ದು. ರಾಡಿ ಹೆಚ್ಚಾದಷ್ಟೂ ದುಡಿಮೆಯ ಬಹುಪಾಲು ಶುಚಿಗೇ ಹೋಗಿ, ಮೈ ಬೆಳೆಯಲೂ ಮರಿ ಮಾಡಲೂ ಏನೂ ಉಳಿಯುವುದಿಲ್ಲ. ಹೂಳು ಕೊಲ್ಲುವುದು ಬಹುಮಟ್ಟಿಗೆ ಹೀಗೆ, ಒಂದೇ ಏಟಿಗಲ್ಲ.

ಸೋಸದೆಯೇ ಬದುಕುವವೂ ಇವೆ. ಹೈಡ್ರಾಯ್ಡ್‌ಗಳು ನವಿರಾದ ಗರಿಯಂತೆ ಕಾಣುತ್ತವೆ. ಕುಟುಕುವ ಕೋಶಗಳಿರುವ ಎಳೆಗಳನ್ನು ಚಾಚಿ, ಹತ್ತಿರ ಬಂದ ಸಣ್ಣ ಜೀವಿಗಳನ್ನು ಹಿಡಿಯುತ್ತವೆ. ಜಾಲರಿಯೇ ಇಲ್ಲದ ಮೇಲೆ ಕಟ್ಟುವ ಮಾತೇ ಇಲ್ಲ. ರಾಡಿ ಬಂಡೆಗಳ ಮೇಲೆ ಹೈಡ್ರಾಯ್ಡ್ ದಟ್ಟವಾಗಿರುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಬಿ.ಎಸ್ಸಿ. ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ಇಂಥ ಬಂಡೆಗಳ ಮೇಲೆ ನಿರ್ದಿಷ್ಟವಾಗಿ ಯಾವ ಪ್ರಾಣಿಗಳಿರುತ್ತವೆ? ಪ್ರತಿಯೊಂದೂ ಉಸುಕನ್ನು ಹೇಗೆ ತಡೆದುಕೊಳ್ಳುತ್ತದೆ?
ವಿದ್ಯಾರ್ಥಿ, ಸಿಂಧನೂರು

ಈ ಸಮುದಾಯಗಳನ್ನು ಬಹಳ ವಿವರವಾಗಿ ವಿಂಗಡಿಸಿರುವುದು ಬ್ರಿಟನ್ ಮತ್ತು ಐರ್ಲೆಂಡ್ ಸುತ್ತಲಿನ ಕಡಲಿನಲ್ಲಿ. ಹಾಗಾಗಿ ಜಾತಿಯ ಹೆಸರುಗಳನ್ನು ಅಲ್ಲಿಂದ ಕೊಡುತ್ತೇವೆ. ಅವೇ ಜಾತಿಗಳನ್ನು ಕಾರವಾರದಲ್ಲಿ ಹುಡುಕಬೇಡಿ. ಉಪಾಯಗಳು ಮಾತ್ರ ಎಲ್ಲ ಕಡಲಿಗೂ ಒಂದೇ.

ಉಸುಕಿಗೆ ತೀರ ಹತ್ತಿರ ನಿಲ್ಲುವುದು ಉರ್ಟಿಸಿನಾ ಫೆಲಿನಾ ಎಂಬ ಅನಿಮೋನ್, ಹೂವಿನಂತೆ ಎಳೆಗಳನ್ನು ಬಿಚ್ಚುವ ಮೆತ್ತನೆಯ ಪ್ರಾಣಿ. ಬುಡವನ್ನು ಉಸುಕಿನಡಿಯ ಬಂಡೆಗೆ ಅಂಟಿಸಿ, ಎಳೆಗಳ ತಟ್ಟೆಯನ್ನು ಮಾತ್ರ ಉಸುಕಿನ ಮಟ್ಟದಲ್ಲಿ ಬಿಚ್ಚಿಡುತ್ತದೆ. ಅದರ ಮೈತುಂಬ ಅಂಟುವ ಬೊಬ್ಬೆಗಳು, ಅವುಗಳಿಗೆ ಹರಳು, ಚಿಪ್ಪಿನ ಚೂರು ಅಂಟಿಕೊಂಡಿರುತ್ತವೆ. ಮುದುಡಿದರೆ ಒಂದು ಹಿಡಿ ಜಲ್ಲಿ ಬಿದ್ದಂತೆ ಕಾಣುತ್ತದೆ. ಉಸುಕು ಬಂದು ಹೊಡೆದರೆ ಅದು ತಾಗುವುದು ಆ ಜಲ್ಲಿಗೆ, ಚರ್ಮಕ್ಕಲ್ಲ. ಶತ್ರುವಿನ ಕಲ್ಲನ್ನೇ ಕವಚ ಮಾಡಿಕೊಳ್ಳುವ ಈ ಜಾಣ್ಮೆ ನಮ್ಮ ದಡದ ಅಂಥೊಪ್ಲೂರಾ ಅನಿಮೋನ್‌ಗಳಲ್ಲೂ ಇದೆ.

ಪಾಲಿಮಾಸ್ಟಿಯಾ, ಸಿಯೊಕ್ಯಾಲಿಪ್ಟಾ ಸ್ಪಾಂಜುಗಳ ಮೈ ಹೂಳಿನಲ್ಲಿ ಹೂತೇ ಇರುತ್ತದೆ. ಬೆರಳಿನಂಥ ಮೊಳಕೆಗಳು ಮಾತ್ರ ಮೇಲೆದ್ದು ನೀರು ಎಳೆದು ಬಿಡುತ್ತವೆ. ನಾಟಿ ಗದ್ದೆಯಲ್ಲಿ ಬುಡ ಕೆಸರಿನಲ್ಲಿ, ತುದಿ ಮೇಲೆ ಇರುವಂತೆ.

ಸುಣ್ಣದ ಮನೆ ಕಟ್ಟುವವರು ಬಾರ್ನಕಲ್‌ಗಳು ಮತ್ತು ಸ್ಪೈರೊಬ್ರಾಂಕಸ್ ಕೊಳವೆಹುಳುಗಳು. ಗಟ್ಟಿ ಗೋಡೆ, ಬಾಗಿಲಿಗೆ ಮುಚ್ಚಳ. ಉಸುಕು ಜೋರಾದರೆ ಬಾಗಿಲು ಹಾಕಿಕೊಳ್ಳುತ್ತವೆ. ಇವುಗಳ ನಿಜವಾದ ಬಲ ಗೋಡೆಯಲ್ಲ, ವೇಗ. ಒಂದು ಬಿರುಗಾಳಿ ಬಂಡೆಯನ್ನು ಬೋಳು ಮಾಡಿತೆಂದರೆ ಎಲ್ಲರಿಗಿಂತ ಮೊದಲು ಬಂದು ಕೂರುವವು ಇವೇ. ಬಂಡೆಯ ಮೇಲೆ ಇವು ಬಿಟ್ಟು ಬೇರೇನೂ ಕಾಣದಿದ್ದರೆ ಅಲ್ಲಿ ಈಚೆಗೆ ದೊಡ್ಡ ಸವೆತ ಆಗಿದೆ, ಅಥವಾ ಪದೇಪದೇ ಆಗುತ್ತಿದೆ ಎಂದು ತಿಳಿಯಬಹುದು.

ಫ್ಲಸ್ಟ್ರಾ ಫೋಲಿಯೇಸಿಯಾ ನೋಡಲು ಒಣ ಎಲೆಯಂತೆ. ಹಲವರು ಪಾಚಿ ಎಂದೇ ಭಾವಿಸುತ್ತಾರೆ. ಅದು ಬ್ರಯೋಜೋವಾ, ಇಟ್ಟಿಗೆ ಜೋಡಿಸಿದಂತೆ ಸಾವಿರಾರು ಪುಟ್ಟ ಪ್ರಾಣಿಗಳ ವಸಾಹತು. ಬಗ್ಗುತ್ತದೆ, ಮುರಿಯುವುದಿಲ್ಲ. ಅಲೆಯ ಜೊತೆ ತೂಗಾಡುವಾಗ ಮೇಲೆ ಕೂತ ಹೂಳು ತಾನಾಗಿ ಉದುರುತ್ತದೆ. ನೀರಿನಿಂದ ಆಗತಾನೆ ತೆಗೆದದ್ದಕ್ಕೆ ನಿಂಬೆಯ ವಾಸನೆ ಇರುತ್ತದೆ. ಮೊದಲ ವರ್ಷ ಬಂಡೆಗೆ ಹರಡಿದ ಪೊರೆಯಷ್ಟೇ, ಆಮೇಲೆ ಎಲೆಗಳು ಏಳುತ್ತವೆ. ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲುವುದರಿಂದ ಎಲೆಯ ಮೇಲೆ ಗೆರೆ ಬೀಳುತ್ತದೆ, ಮರದ ಉಂಗುರದಂತೆ ಎಣಿಸಿ ವಯಸ್ಸು ಹೇಳಬಹುದು. ಹನ್ನೆರಡು ವರ್ಷದವೂ ಸಿಕ್ಕಿವೆ.

ಈಗ ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು: ಸಬೆಲ್ಲಾರಿಯಾ, ಉಸುಕಿನ ಗೂಡು ಕಟ್ಟುವ ಹುಳು. ಉಳಿದವರೆಲ್ಲ ಉಸುಕನ್ನು ಸಹಿಸುತ್ತಾರೆ, ಇದು ಉಸುಕಿಲ್ಲದೆ ಬಾಳಲಾರದು. ಭೂತಗನ್ನಡಿಯಲ್ಲಿ ನೋಡಿದರೆ ಗಾರೆ ಕೆಲಸವೇ ಕಣ್ಣೆದುರು ನಡೆಯುತ್ತದೆ. ತಲೆಯ ಸುತ್ತಲಿನ ಎಳೆಗಳು ನೀರಿನಲ್ಲಿ ತೇಲಿಬರುವ ಉಸುಕಿನ ಕಣವೊಂದನ್ನು ಹಿಡಿದು ಬಾಯಿಯ ಬಳಿಗೆ ಜಾರಿಸುತ್ತವೆ. ಅಲ್ಲಿ ಕುದುರೆಲಾಳದ ಆಕಾರದ ತುಟಿ ಇದೆ. ಅದು ಕಣವನ್ನು ಹೊರಳಿಸಿ ಅಳತೆ ನೋಡುತ್ತದೆ. ಸರಿಹೊಂದದಿದ್ದರೆ ಬಿಸಾಡುತ್ತದೆ. ಹೊಂದಿದರೆ ಅಂಟಿನ ಚುಕ್ಕೆಗಳನ್ನು ಇಟ್ಟು, ಕೊಳವೆಯ ಅಂಚಿಗೆ ಒತ್ತಿ ಹಿಡಿದು, ಅಲ್ಲಾಡಿಸಿ ಕೂತಿತೇ ಎಂದು ನೋಡಿ, ಆಮೇಲೆ ಬಿಡುತ್ತದೆ. ಕಣದ ಸುತ್ತ ಪೂರ್ತಿ ಅಂಟು ಬಳಿಯುವುದಿಲ್ಲ, ಕಣಕ್ಕೆ ಕಣ ತಾಗುವ ಜಾಗದಲ್ಲಿ ಮಾತ್ರ. ಇದೇ ಬಳಗದ ಕ್ಯಾಲಿಫೋರ್ನಿಯಾದ ಹುಳುವೊಂದರ ಅಂಟು ಕಡಲ ನೀರಿನೊಳಗೇ ಅರ್ಧ ನಿಮಿಷದಲ್ಲಿ ಬಿಗಿಯುತ್ತದೆ, ಆಮೇಲೆ ಕೆಲವು ಗಂಟೆಗಳಲ್ಲಿ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಹಸಿ ಜಾಗದಲ್ಲಿ ಮೂಳೆ ಅಂಟಿಸುವ ಔಷಧಿಗಾಗಿ ಸಂಶೋಧಕರು ಈ ಅಂಟನ್ನೇ ಮಾದರಿಯಾಗಿ ಹಿಡಿದಿದ್ದಾರೆ.

ಈ ಹುಳುವಿನ ಮರಿಗಳು ಎಲ್ಲೆಂದರಲ್ಲಿ ಕೂರುವುದಿಲ್ಲ. ತಮ್ಮ ಜಾತಿಯ ಹಳೆಯ ಗೂಡನ್ನು ಮುಟ್ಟಿದಾಗ ನೆಲೆ ನಿಲ್ಲುವುದು ಹೆಚ್ಚು ಎಂದು ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಡಗ್ಲಸ್ ವಿಲ್ಸನ್ 1960ರ ದಶಕದಲ್ಲಿ ತೋರಿಸಿದರು. ಆದ್ದರಿಂದಲೇ ಗೂಡಿನ ಮೇಲೆ ಗೂಡು ಬಿದ್ದು ಬಂಡೆ ಮುಚ್ಚಿಹೋಗುತ್ತದೆ. ಒಂದು ಹಳೆಯ ಗಡ್ಡೆಯನ್ನು ಕಾಲಿನಿಂದ ಪುಡಿ ಮಾಡಿದರೆ ಹೋಗುವುದು ಇವತ್ತಿನ ಹುಳುಗಳಷ್ಟೇ ಅಲ್ಲ, ನಾಳೆ ಬರುವ ಮರಿಗಳಿಗೆ ಇದ್ದ ವಿಳಾಸವೂ ಹೋಗುತ್ತದೆ.

ಪ್ರಶ್ನೆ: ತುಂಗಭದ್ರಾ ಡ್ಯಾಮಿನ ಹೂಳು ಕಾರವಾರದ ಕಡಲು ಸೇರುತ್ತದೆಯೇ?
ರಾಯಚೂರು

ಇಲ್ಲ. ತುಂಗಭದ್ರೆ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಲ್ಲಿಗೂ ಈಗ ಹೂಳಿನ ಬಹುಪಾಲು ಮುಟ್ಟುವುದಿಲ್ಲ, ದಾರಿಯ ಅಣೆಕಟ್ಟುಗಳಲ್ಲೇ ನಿಲ್ಲುತ್ತದೆ. ನಮ್ಮ ಜಲಾಶಯವನ್ನೇ ನೋಡಿ: ಶುರುವಿನಲ್ಲಿ ಸುಮಾರು 133 ಟಿ.ಎಂ.ಸಿ. ಇದ್ದ ಸಾಮರ್ಥ್ಯ ಈಗ 105.788 ಟಿ.ಎಂ.ಸಿ.ಗೆ ಇಳಿದಿದೆ. ಕಾರವಾರ, ಅಂಕೋಲಾ, ಗೋಕರ್ಣದ ಕಡಲಿಗೆ ರಾಡಿ ತರುವವು ಕಾಳಿ, ಗಂಗಾವಳಿ, ಅಘನಾಶಿನಿಯಂಥ ಪಶ್ಚಿಮಕ್ಕೆ ಹರಿಯುವ ನದಿಗಳು. ಅದೂ ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ.

ಪ್ರಶ್ನೆ: ಪ್ರೌಢಶಾಲೆಯ ಮಕ್ಕಳನ್ನು ಉತ್ತರ ಕನ್ನಡದ ಕಡಲಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ನೀರಿಗಿಳಿಯದೆ ಇದನ್ನೆಲ್ಲ ತೋರಿಸಲು ಸಾಧ್ಯವೇ? ಏನೇನು ಸಿದ್ಧತೆ ಬೇಕು?
ಮುಖ್ಯ ಶಿಕ್ಷಕರು, ಗಂಗಾವತಿ

ಆಳದ ಬಂಡೆಯನ್ನು ತೋರಿಸಲಾಗದು, ಅದಕ್ಕೆ ಸ್ಕೂಬಾ ಕಲಿತವರೇ ಆಗಬೇಕು. ಆದರೆ ಉಸುಕಿನ ನಡುವೆ ಬಂಡೆ ಎದ್ದು ನಿಂತ ದಡದಲ್ಲಿ ನೀರು ಪೂರ್ತಿ ಇಳಿದಾಗ, ಅದೇ ಪಾಠದ ಒಂದು ತುಣುಕು ಬರಿಗಣ್ಣಿಗೇ ಸಿಗುತ್ತದೆ. ಗೋಕರ್ಣದ ಓಂ ಬೀಚ್‌ನಂಥ ಜಾಗ ಸರಿ.

ಹೋಗುವ ಮೊದಲು ಶಾಲೆಯಲ್ಲೇ ಎರಡು ಪ್ರಯೋಗ ಮಾಡಿಸಿ. ಒಂದು, ಹೂಳು ಇಳಿಯುವ ಪ್ರಯೋಗ. ಕಾಲುವೆಯ ತಳದ ಮಣ್ಣನ್ನು ಎರಡು ಚಮಚ ತೆಗೆದು ಒಂದು ಲೀಟರ್ ಪಾರದರ್ಶಕ ಬಾಟಲಿಗೆ ಹಾಕಿ, ನೀರು ತುಂಬಿಸಿ, ಅಲ್ಲಾಡಿಸಿ ನಿಲ್ಲಿಸಿ. 0.1 ಮಿ.ಮೀ.ನ ಉಸುಕು 20 ಸೆಂ.ಮೀ. ಇಳಿಯಲು ಅರ್ಧ ನಿಮಿಷ ಸಾಕು. 0.01 ಮಿ.ಮೀ.ನ ಹೂಳಿಗೆ ಮುಕ್ಕಾಲು ಗಂಟೆಯ ಹತ್ತಿರ ಬೇಕು. ಜೇಡಿ ಮರುದಿನವೂ ತೇಲುತ್ತಿರುತ್ತದೆ. ಕಣ ಹತ್ತು ಪಟ್ಟು ಸಣ್ಣದಾದರೆ ಇಳಿಯುವ ವೇಗ ಸುಮಾರು ನೂರು ಪಟ್ಟು ಕಡಿಮೆ, ಈ ಲೆಕ್ಕವನ್ನು ಮಕ್ಕಳೇ ಗಡಿಯಾರ ಹಿಡಿದು ಕಂಡುಕೊಳ್ಳಲಿ. ಬಾಟಲಿಯನ್ನು ಬಿಸಿಲಿಗಿಟ್ಟರೆ ಒಳಗೆ ನೀರು ಸುತ್ತಿ ಪ್ರಯೋಗ ಕೆಡುತ್ತದೆ, ನೆರಳಿನಲ್ಲಿಡಿ. ಉಪ್ಪು ಹಾಕಿದರೆ ಜೇಡಿ ಗುಂಪುಗೂಡಿ ಬೇಗ ಇಳಿಯುತ್ತದೆ. ಒಂದು ಬಾಟಲಿಗೆ ಮೂರು ಚಮಚ ಉಪ್ಪು ಹಾಕಿ ಪಕ್ಕದಲ್ಲಿಟ್ಟರೆ ನದೀಮುಖದಲ್ಲಿ ಹೂಳು ಯಾಕೆ ಬೀಳುತ್ತದೆ ಎನ್ನುವುದೂ ಗೊತ್ತಾಗುತ್ತದೆ.

ಎರಡು, ಸವೆತದ ಪ್ರಯೋಗ. ಒಂದೇ ಡಬ್ಬಿಯ ನಾಲ್ಕು ಚಾಕ್‌ಪೀಸ್ ತೆಗೆದುಕೊಂಡು ಒಂದು ಗಂಟೆ ನೀರಿನಲ್ಲಿ ನೆನೆಸಿ, ಒರೆಸಿ, ತೂಗಿ ಬರೆದಿಡಿ. ಎರಡನ್ನು ಬರೀ ನೀರಿರುವ ಜಾಡಿಗೆ, ಎರಡನ್ನು ನೀರಿನ ಜೊತೆ ಮೂರು ಚಮಚ ತೊಳೆದ ಉಸುಕಿರುವ ಜಾಡಿಗೆ ಹಾಕಿ, ಎರಡೂ ಜಾಡಿಗಳನ್ನು ಇನ್ನೂರು ಸಲ ಒಂದೇ ಹದದಲ್ಲಿ ಅಲ್ಲಾಡಿಸಿ ಮತ್ತೆ ತೂಗಿ. ನೆನೆಸದೆ ತೂಗಿದರೆ ಚಾಕ್ ನೀರು ಕುಡಿದು ತೂಕ ಹೆಚ್ಚಾದಂತೆ ತೋರಿಸುತ್ತದೆ, ತಪ್ಪುವುದು ಇಲ್ಲಿಯೇ. ಉಸುಕಿಲ್ಲದ ಜಾಡಿಯಲ್ಲೂ ಸ್ವಲ್ಪ ಸವೆಯುತ್ತದೆ. ಅದನ್ನು ಕಳೆದ ಮೇಲೆ ಉಳಿದದ್ದು ಉಸುಕಿನ ಕೆಲಸ.

ದಡದಲ್ಲಿ ಬೇಕಾದದ್ದು ಒಂದು ಚೌಕಟ್ಟು. ಅರ್ಧ ಇಂಚಿನ ಪಿ.ವಿ.ಸಿ. ಪೈಪಿನಲ್ಲಿ ಒಳಅಳತೆ 25 ಸೆಂ.ಮೀ. ಬರುವಂತೆ ಚೌಕ ಮಾಡಿ. ಪ್ರತಿ 5 ಸೆಂ.ಮೀ.ಗೆ ತೂತು ಕೊರೆದು ನೈಲಾನ್ ದಾರ ಕಟ್ಟಿದರೆ 25 ಮನೆಗಳೂ ದಾರ ಕೂಡುವ 16 ಬಿಂದುಗಳೂ ಸಿಗುತ್ತವೆ. ಉಸುಕಿನ ಗೆರೆಗೆ ತಾಗಿಸಿ ಮೊದಲು ಇಡಿ, ಆಮೇಲೆ ಅದರ ಮೇಲೆ 25, 50, 75 ಸೆಂ.ಮೀ. ಎತ್ತರದಲ್ಲಿ. ಪ್ರತಿ ಬಿಂದುವಿನ ಕೆಳಗೆ ಏನಿದೆ ಎಂದಷ್ಟೇ ಬರೆಯಬೇಕು: ಬರಿ ಕಲ್ಲು, ಹೂಳು, ಬಾರ್ನಕಲ್, ಕೊಳವೆಹುಳು, ಅನಿಮೋನ್, ಪಾಚಿ. ಒಂದು ಬಿಂದು ಅಂದರೆ ನೂರಕ್ಕೆ 6.25 ಪಾಲು. ಒಂದೊಂದು ಎತ್ತರದಲ್ಲೂ ಐದು ಸಲ ಇಡಿ, ಒಂದೇ ಸಲದ ಲೆಕ್ಕ ನಂಬುವಂಥದ್ದಲ್ಲ. ಸಾಮಾನ್ಯವಾಗಿ ಆಗುವ ತಪ್ಪು, ಮಕ್ಕಳು ಪ್ರಾಣಿ ಇರುವ ಕಡೆಯೇ ಚೌಕಟ್ಟು ಇಡುವುದು. ಬೋಳು ಜಾಗವೂ ಮಾಹಿತಿಯೇ ಎಂದು ಮೊದಲೇ ಹೇಳಿ, ಕಣ್ಣು ಬೇರೆಡೆ ತಿರುಗಿಸಿ ಇಡಲು ಕಲಿಸಿ.

ದಿನ ಆರಿಸುವಾಗ ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸು ನೋಡಿ, ಆಗ ಇಳಿತ ಹೆಚ್ಚು. ಉಬ್ಬರವಿಳಿತದ ಪಟ್ಟಿಯಲ್ಲಿ ಕಾರವಾರದ ವೇಳೆ ನೋಡಿಕೊಂಡು, ನೀರು ಅತಿ ಕೆಳಗಿಳಿಯುವ ಹೊತ್ತಿಗಿಂತ ಒಂದೂವರೆ ಗಂಟೆ ಮೊದಲು ದಡದಲ್ಲಿರಿ. ನೀರು ತಿರುಗಿದ ಕೂಡಲೇ ಮೇಲೆ ಬನ್ನಿ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ, ಮಳೆಗಾಲದಲ್ಲಿ ಮಾತ್ರ ಬೇಡವೇ ಬೇಡ. ಒಂದು ಮಾತು ನೆನಪಿಡಿ: ಮಳೆಗಾಲದ ಅಲೆ ದಡದ ಉಸುಕನ್ನು ಒಳಗೆ ಸೆಳೆದೊಯ್ಯುತ್ತದೆ, ಬೇಸಿಗೆಯ ಮಂದ ಅಲೆ ಅದನ್ನು ಮರಳಿ ತಂದು ಹಾಕುತ್ತದೆ. ಆದ್ದರಿಂದ ಜನವರಿಯಲ್ಲಿ ನೀವು ಕಾಣುವ ಉಸುಕಿನ ಗೆರೆ ವರ್ಷವಿಡೀ ಅಲ್ಲಿರುವುದಲ್ಲ. ಗೆರೆಗಿಂತ ಸ್ವಲ್ಪ ಮೇಲಿನವರೆಗೂ ಬಂಡೆ ಬೋಳಾಗಿದ್ದರೆ ಹಿಂದೆ ಉಸುಕು ಅಲ್ಲಿಯವರೆಗೆ ಇತ್ತೆಂದೋ ಉಜ್ಜಿತ್ತೆಂದೋ ಊಹಿಸಬಹುದು.

ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ರಬ್ಬರ್ ಬೂಟು ಹಾಕಿಸಿ. ಬಾರ್ನಕಲ್ ಬ್ಲೇಡಿನಂತೆ ಕೊಯ್ಯುತ್ತದೆ. ಗುಂಡಿಗಳಲ್ಲಿ ಚಾಪೆಯಂತೆ ಹಾಸಿಕೊಂಡು, ಉಸುಕು ಮೆತ್ತಿದಂತೆ ಕಾಣುವ ಪ್ರಾಣಿ ಇದ್ದರೆ ಅದು ಪಾಲಿಥೋವಾ ಇರಬಹುದು. ಅದು ಉಸುಕನ್ನು ತನ್ನ ಮೈಯೊಳಗೇ ಸೇರಿಸಿಕೊಂಡು ಗಟ್ಟಿಯಾಗುತ್ತದೆ. ಈ ಬಳಗದ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಕೈಯಲ್ಲಿ ಗಾಯವಿರಲಿ ಇಲ್ಲದಿರಲಿ, ಯಾರೂ ಮುಟ್ಟಬಾರದು. ದಾರಿಯಲ್ಲಿ ಕಾರವಾರಕ್ಕೂ ಹೋಗುವಿರಾದರೆ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ, ಮೊದಲೇ ಪತ್ರ ಬರೆದು ಅನುಮತಿ ಕೇಳಿ.

ಪ್ರಶ್ನೆ: ಬಂದರಿಗಾಗಿ ಹೂಳೆತ್ತಿದಾಗ ಕದಡಿದ ಹೂಳು ಬಿದ್ದು ಪಕ್ಕದ ಬಂಡೆಗಳ ಜೀವಿಗಳೆಲ್ಲ ಸಾಯುತ್ತವೆ ಎನ್ನುತ್ತಾರೆ. ಮೊದಲೇ ಹೂಳಿರುವ ಬಂಡೆಗೆ ಇನ್ನಷ್ಟು ಹೂಳು ಬಿದ್ದರೆ ಏನು ನಷ್ಟ?
ಸಿರುಗುಪ್ಪ

"ಮೊದಲೇ ಹೂಳಿದೆಯಲ್ಲ" ಎನ್ನುವ ವಾದ ಬಹಳ ಕಡೆ ಕೇಳಿಬರುತ್ತದೆ, ಅದು ತಪ್ಪು. ಈ ಪ್ರಾಣಿಗಳು ಒಂದು ಹದದ ಹೂಳಿಗೆ ಒಗ್ಗಿವೆ, ಎಷ್ಟು ಬಂದರೂ ನಡೆಯುತ್ತದೆ ಎಂದಲ್ಲ. ನೋಡಬೇಕಾದದ್ದು ಹೂಳಿನ ದಪ್ಪ, ಅದು ಎಷ್ಟು ದಿನ ಕೂರುತ್ತದೆ, ಕಣ ಎಷ್ಟು ನುಣ್ಣಗಿದೆ ಎನ್ನುವುದು. ಒಂದೇ ದಪ್ಪವಿದ್ದರೂ ಒರಟು ಉಸುಕಿಗಿಂತ ನುಣ್ಣನೆಯ ಹೂಳು ಅಪಾಯ. ಉಸುಕಿನ ಸಂದಿನಲ್ಲಿ ನೀರಾಡುತ್ತದೆ, ಹೂಳಿನಲ್ಲಿ ಆಡದು. ಕೆಳಗೆ ಆಮ್ಲಜನಕ ಮುಗಿದು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಆ ವಾಸನೆ ಬಂದಿತೆಂದರೆ ಕೆಳಗಿನ ಸ್ಪಾಂಜಿನ ಆಸೆ ಬಿಡಬೇಕು.

ಇನ್ನೊಂದು ನಷ್ಟ ಕಣ್ಣಿಗೆ ಬೀಳದು. ದೊಡ್ಡ ಪ್ರಾಣಿಗಳು ಉಳಿದುಕೊಂಡರೂ ಮರಿಗಳು ಕೂರಲು ಗಟ್ಟಿಯಾದ, ಶುಚಿಯಾದ ಕಲ್ಲು ಬೇಕು. ಹೂಳಿನ ತೆಳು ಪೊರೆ ಇದ್ದರೂ ಅವು ಅಂಟಲಾರವು. ಎರಡು ಮೂರು ವರ್ಷ ಎಲ್ಲ ಚೆನ್ನಾಗಿದ್ದಂತೆ ಕಂಡು, ಮುದಿಯಾದವು ಸತ್ತಾಗ ಜಾಗ ತುಂಬಲು ಯಾರೂ ಇರುವುದಿಲ್ಲ. ಆದ್ದರಿಂದ ಕೆಲಸ ಮುಗಿದ ಮರುತಿಂಗಳು ತೆಗೆದ ಒಂದು ಫೋಟೋ ತೋರಿಸಿ "ಏನೂ ಆಗಿಲ್ಲ" ಎಂದರೆ ಒಪ್ಪಬೇಡಿ. ಮೊದಲಿನ ಒಂದು ವರ್ಷ, ನಂತರದ ಕನಿಷ್ಠ ಮೂರು ವರ್ಷ, ಅದೇ ಗುರುತಿನ ಜಾಗಗಳ ಲೆಕ್ಕ ಕೇಳಿ.

ಚೇತರಿಕೆಗೆ ಒಂದು ಕ್ರಮವಿದೆ. ಹೂಳು ಸರಿದ ಮೇಲೆ ತಿಂಗಳುಗಳಲ್ಲೇ ಬಾರ್ನಕಲ್, ಕೊಳವೆಹುಳು ಬರುತ್ತವೆ. ಹೈಡ್ರಾಯ್ಡ್‌ನ ಬೇರಿನಂಥ ಎಳೆ ಬಂಡೆಗೆ ಅಂಟಿ ಉಳಿದಿದ್ದರೆ, ಕತ್ತರಿಸಿದ ಗರಿಕೆಯಂತೆ ಅಲ್ಲಿಂದಲೇ ಚಿಗುರುತ್ತದೆ. ಎಲೆಯಂಥ ಬ್ರಯೋಜೋವಾಗಳಿಗೂ ಸ್ಪಾಂಜುಗಳಿಗೂ ವರ್ಷಗಳು ಬೇಕು. ಮತ್ತೆ ಮತ್ತೆ ಕೆದಕಿದರೆ ಈ ಕ್ರಮ ಮೊದಲ ಮೆಟ್ಟಿಲಿನಲ್ಲೇ ನಿಂತುಬಿಡುತ್ತದೆ.

ಪ್ರಶ್ನೆ: ನೇತ್ರಾಣಿ ದ್ವೀಪಕ್ಕೆ ಹೋದವರು ಬೀಸಣಿಗೆಯಂಥ ಸೀ ಫ್ಯಾನ್ ತಂದುಕೊಡುತ್ತೇನೆ ಎಂದಿದ್ದಾರೆ. ಷೋಕೇಸಿನಲ್ಲಿ ಇಡಬಹುದೇ?
ಕೊಪ್ಪಳ

ಬೇಡ, ತರಲೂ ಬೇಡ ಎಂದು ಅವರಿಗೆ ಹೇಳಿ. ಸೀ ಫ್ಯಾನ್, ಹವಳ, ಸಮುದ್ರಸೌತೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ. ಕಿತ್ತರೂ ಅಪರಾಧ, ಮನೆಯಲ್ಲಿಟ್ಟುಕೊಂಡರೂ ಅಪರಾಧ.

ಪ್ರಶ್ನೆ: ನಮ್ಮ ಹೊಳೆಯ ಬಂಡೆಗಳ ಮೇಲೂ ಇಂಥ ಪ್ರಾಣಿಗಳು ಇರುತ್ತವೆಯೇ? ಸಾಣಾಪುರದ ಕಡೆ ಹರಿಗೋಲಿನಲ್ಲಿ ಹೋಗುವಾಗ ಕಲ್ಲಿಗೆ ಹಸಿರು ಮಿಶ್ರಿತ ತೊಗಟೆಯಂಥದ್ದು ಅಂಟಿರುವುದು ನೋಡಿದ್ದೇನೆ.
ಪದವಿ ವಿದ್ಯಾರ್ಥಿನಿ, ಯಲಬುರ್ಗಾ

ಬಾರ್ನಕಲ್, ಅನಿಮೋನ್ ಹೊಳೆಯಲ್ಲಿ ಸಿಗುವುದಿಲ್ಲ. ಆದರೆ ಸ್ಪಾಂಜು, ಬ್ರಯೋಜೋವಾ ಎರಡೂ ಸಿಹಿನೀರಿನಲ್ಲೂ ಇವೆ. ನೀವು ನೋಡಿದ್ದು ಪಾಚಿಯೋ ಸ್ಪಾಂಜೋ ತಿಳಿಯಲು ಹೀಗೆ ಮಾಡಿ. ಭೂತಗನ್ನಡಿಯಲ್ಲಿ ನೋಡಿ. ಪಾಚಿಯಾದರೆ ಎಳೆ ಅಥವಾ ಲೋಳೆ, ಸ್ಪಾಂಜಾದರೆ ಒರಟು ತೊಗಟೆ, ಅಲ್ಲಲ್ಲಿ ಸೂಜಿ ಚುಚ್ಚಿದಂಥ ತೂತು. ಕಡ್ಡಿಯಿಂದ ಸಾಸಿವೆಕಾಳಿನಷ್ಟು ಕೆರೆದು ಗಾಜಿನ ಪಟ್ಟಿಯ ಮೇಲಿಟ್ಟು, ಸಾವಯವ ಭಾಗ ಕರಗಿಹೋಗಲು ಒಂದು ಹನಿ ಬ್ಲೀಚ್ ಹಾಕಿ ಹತ್ತು ನಿಮಿಷ ಬಿಡಿ. ಆಮೇಲೆ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಗಾಜಿನ ಸೂಜಿಗಳು ಕಂಡರೆ ಅದು ಸ್ಪಾಂಜೇ. ಬರಿಗೈಯಲ್ಲಿ ಉಜ್ಜಬೇಡಿ, ಆ ಸೂಜಿಗಳು ಚರ್ಮಕ್ಕೆ ಹೊಕ್ಕು ತುರಿಕೆ ಎಬ್ಬಿಸುತ್ತವೆ.

ಕಲ್ಲಿನ ಹರಿವಿನ ಕಡೆಗೆ, ಅಡಿಯಲ್ಲಿ ನೋಡಿದರೆ ಕ್ಯಾಡಿಸ್ ನೊಣದ ಮರಿಗಳ ಉಸುಕಿನ ಗೂಡುಗಳೂ ಸಿಗಬಹುದು. ಮರಿ ತನ್ನ ರೇಷ್ಮೆಯಿಂದ ನೀರಿನೊಳಗೇ ಉಸುಕಿನ ಹರಳು ಹೊಲಿದು ಕವಚ ಮಾಡಿಕೊಳ್ಳುತ್ತದೆ. ಸಬೆಲ್ಲಾರಿಯಾ ಕಡಲಿನಲ್ಲಿ ಮಾಡುವ ಗಾರೆಕೆಲಸವನ್ನೇ ಇದು ಹೊಳೆಯಲ್ಲಿ ಮಾಡುತ್ತದೆ, ಅಂಟಿನ ಬದಲು ನೂಲು.

ಹುಡುಕಲು ಮಾರ್ಚಿನಿಂದ ಮೇ ಒಳ್ಳೆಯದು, ಆಗ ಹೊಳೆ ಇಳಿದು ಬಂಡೆಯ ಬುಡ ತೆರೆಯುತ್ತದೆ. ಡ್ಯಾಮಿನಿಂದ ನೀರು ಬಿಡುವ ಸುದ್ದಿ ಕೇಳಿಕೊಂಡೇ ಇಳಿಯಿರಿ. ಒಣಗಿದ ಸ್ಪಾಂಜಿನ ತೊಗಟೆ ಸಿಕ್ಕಿದರೆ ಸತ್ತಿದೆ ಎಂದು ಕೆರೆದು ಹಾಕಬೇಡಿ. ಅದರ ಬುಡದಲ್ಲಿ ಗಸಗಸೆಯಷ್ಟು ಸಣ್ಣ, ಹಳದಿ ಅಥವಾ ಕಂದು ಬಣ್ಣದ ಗುಂಡುಗಳಿರುತ್ತವೆ. ಬಿಸಿಲನ್ನೂ ಬರವನ್ನೂ ತಡೆದು ಕೂತು, ಹೊಳೆ ಬಂದಾಗ ಮೊಳೆತು ಮತ್ತೆ ಸ್ಪಾಂಜಾಗುವವು ಆ ಗುಂಡುಗಳೇ.